ಅರ್ಜಿ ‘ಹಾಕಿಸುವವರ’ ಪರದೆ

ಅಜ್ಜಿ ಕಂಪ್ಯೂಟರಿನ ಕಡೆ ನೋಡುತ್ತಿರಲಿಲ್ಲ. ನೋಡಿದ್ದರೂ ಕಾಣುತ್ತಿದ್ದದ್ದು ಅದರ ಬೆನ್ನು, ಒಂದಿಷ್ಟು ವೈರು, ಯಾರೋ ಅಂಟಿಸಿದ್ದ ಗಣಪತಿಯ ಚಿತ್ರ. ಅರಸೀಕೆರೆ ತಾಲೂಕಿನ ಹಾರನಹಳ್ಳಿ ಕಡೆಯ ಒಂದು ಸೇವಾ ಕೇಂದ್ರ, ಬೆಳಿಗ್ಗೆ ಹನ್ನೊಂದರ ಹೊತ್ತು. ಅವರ ಕಣ್ಣೆಲ್ಲ ಕೀಬೋರ್ಡಿನ ಹಿಂದೆ ಕೂತ ಹುಡುಗನ ಮುಖದ ಮೇಲೆ. ಅವನು ಹುಬ್ಬು ಗಂಟಿಕ್ಕಿದರೆ ಇವರ ಕೈ ಸೆರಗಿನ ಗಂಟಿಗೆ ಹೋಗುತ್ತಿತ್ತು. ಅವನು ಉಸಿರುಬಿಟ್ಟು ಕುರ್ಚಿಗೆ ಒರಗಿದರೆ ‘ಆಯ್ತಾ ಮಗ?’ ಅನ್ನುತ್ತಿದ್ದರು.

ಆಗಿರಲಿಲ್ಲ. ‘ಹೆಬ್ಬೆಟ್ಟು ತಗೋತಾ ಇಲ್ಲ ಕಣಜ್ಜಿ, ಒರೆಸ್ಕೊಂಡು ಇನ್ನೊಂದ್ಸಲ ಇಡಿ.’ ಮೂರು ಸಲ ಇಟ್ಟಾಯಿತು. ಜೀವಮಾನವೆಲ್ಲ ಕಾಯಿ ಸುಲಿದು, ಚಿಪ್ಪು ಒಡೆದು ಕೊಬ್ಬರಿ ಬಿಡಿಸಿದ ಕೈ. ಬೆರಳ ಗೆರೆ ಎಲ್ಲಿ ಉಳಿದೀತು? ಬೆರಳು ಬೇಡ, ಓಟಿಪಿ ತರಿಸೋಣ ಅಂದರೆ ಆಧಾರಿಗೆ ಜೋಡಿಸಿದ ನಂಬರು ಬೆಂಗಳೂರಿನ ಪೀಣ್ಯದಲ್ಲಿರುವ ಮಗನದು. ಅವನು ಶಿಫ್ಟಿನಲ್ಲಿದ್ದ. ಎರಡನೇ ಸಲಕ್ಕೆ ಫೋನೆತ್ತಿ, ಬಂದ ಆರು ಅಂಕಿಯನ್ನು ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಮತ್ತೊಂದು ತರಿಸಬೇಕೆನ್ನುವಾಗ ಸರ್ವರ್ ಹೋಯಿತು. ಹಾರನಹಳ್ಳಿಯ ಕೋಡಿಮಠದ ಭವಿಷ್ಯ ವರ್ಷಕ್ಕೆ ನಾಲ್ಕು ಸಲ ಪತ್ರಿಕೆಗಳಲ್ಲಿ ಬರುತ್ತದೆ. ಸರ್ವರ್ ಯಾವಾಗ ಬರುತ್ತದೆ ಎನ್ನುವ ಭವಿಷ್ಯ ಮಾತ್ರ ಯಾವ ಮಠದಲ್ಲೂ ಸಿಗುವುದಿಲ್ಲ.

ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದ ನನ್ನ ಕಡೆ ಅಜ್ಜಿ ತಿರುಗಿದರು. ‘ನೀವೇನ್ ಮಾಡ್ಸೋಕೆ ಬಂದ್ರಪ್ಪ?’

ಏನೂ ಮಾಡಿಸಲು ಬಂದಿರಲಿಲ್ಲ. ನೋಡಲು ಬಂದಿದ್ದೆ. ಅದೇ ನನ್ನ ಕೆಲಸ. ಕಾಗದದ ಮೇಲೆ ನನ್ನ ಹುದ್ದೆ ಸೀನಿಯರ್ ಇಂಟರ್‌ಆಕ್ಷನ್ ಡಿಸೈನರ್. ಇದಕ್ಕೆ ಕನ್ನಡದಲ್ಲಿ ಒಂದು ಹೆಸರು ಹುಡುಕಿ ಸೋತಿದ್ದೇನೆ. ಸರ್ಕಾರದ ಒಂದು ಸೇವೆ ಕಂಪ್ಯೂಟರಿಗೋ ಫೋನಿಗೋ ಬಂದಾಗ ಮೊದಲು ಏನು ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು, ತಪ್ಪಾದರೆ ಏನು ಹೇಳಬೇಕು, ಅರ್ಧಕ್ಕೆ ನಿಂತರೆ ಮತ್ತೆ ಎಲ್ಲಿಂದ ಹಿಡಿಯಬೇಕು ಎಂದು ಗೊತ್ತುಮಾಡುವ ಕಸುಬು ಇದು. ಬಣ್ಣ, ಅಕ್ಷರ, ಚಿತ್ರ ನೋಡಿಕೊಳ್ಳುವವರು ಬೇರೆ, ಕೋಡ್ ಬರೆಯುವವರು ಬೇರೆ. ನಾವು ನಡುವಿನವರು.

ಅಜ್ಜಿಯ ಪ್ರಶ್ನೆಯಲ್ಲಿದ್ದ ಕ್ರಿಯಾಪದವನ್ನು ಅವತ್ತು ಬರೆದುಕೊಂಡೆ. ಮಾಡುವುದಲ್ಲ, ಮಾಡಿಸುವುದು. ಯೋಚಿಸಿ ನೋಡಿ: ಸರ್ಕಾರದ ಜೊತೆಗಿನ ಹೆಚ್ಚಿನ ವ್ಯವಹಾರಗಳನ್ನು ನಮ್ಮ ಜನ ಬರಿಯ ಕ್ರಿಯಾಪದದಲ್ಲಿ ಹೇಳುವುದಿಲ್ಲ. ಅರ್ಜಿ ಹಾಕಿಸುತ್ತಾರೆ, ಪಹಣಿ ತೆಗೆಸುತ್ತಾರೆ, ಆಧಾರ್ ಮಾಡಿಸುತ್ತಾರೆ, ಖಾತೆ ಮಾಡಿಸುತ್ತಾರೆ, ಹೆಸರು ಬರೆಸುತ್ತಾರೆ. ಆ ‘ಇಸು’ ಪ್ರತ್ಯಯದೊಳಗೆ ಇನ್ನೊಬ್ಬ ಮನುಷ್ಯ ಕೂತಿದ್ದಾನೆ. ಹಿಂದೆ ಅರ್ಜಿ ಬರೆಯುವವನು, ಪರಿಚಯದ ಮೇಷ್ಟ್ರು, ಶಾನುಭೋಗರು. ಈಗ ಕೀಬೋರ್ಡಿನ ಹಿಂದಿನ ಹುಡುಗ. ಸೇವೆಯನ್ನು ‘ಬಳಕೆದಾರ’ ಎಂಬ ಒಂಟಿ ಮನುಷ್ಯನಿಗಾಗಿ ರೂಪಿಸುತ್ತೇವೆಂದು ನಮ್ಮ ಪುಸ್ತಕಗಳು ಹೇಳುತ್ತವೆ. ಹಾರನಹಳ್ಳಿಯಲ್ಲಿ ಆ ಒಂಟಿ ಮನುಷ್ಯ ನನಗೆ ಸಿಕ್ಕಿದ್ದು ಕಡಿಮೆ. ಸಿಕ್ಕಿದ್ದು ಜೋಡಿ: ಒಬ್ಬರು ಟೈಪ್ ಮಾಡುವವರು, ಒಬ್ಬರು ಅವರ ಮುಖ ನೋಡುತ್ತಾ ನಿಂತವರು.

ಈ ಕಸುಬಿಗೆ ಒಂದು ಶಿಸ್ತು ತಂದುಕೊಟ್ಟವರಲ್ಲಿ ಬ್ರಿಟನ್ ಸರ್ಕಾರ ಮುಖ್ಯ. 2011ರಲ್ಲಿ ಅಲ್ಲಿ ಗವರ್ನಮೆಂಟ್ ಡಿಜಿಟಲ್ ಸರ್ವಿಸ್ ಎಂಬ ತಂಡ ಹುಟ್ಟಿತು. ಚದುರಿಹೋಗಿದ್ದ ಇಲಾಖಾ ಜಾಲತಾಣಗಳನ್ನು ಒಂದೇ ಸೂರಿನಡಿ ತರುವ ಗವ್ ಡಾಟ್ ಯುಕೆ 2012ರ ಅಕ್ಟೋಬರಿನಲ್ಲಿ ಶುರುವಾಯಿತು. ಅವರು ರೂಢಿಗೆ ತಂದ ಒಂದು ಪದ್ಧತಿ ನಮ್ಮೆಲ್ಲರ ಕೈಗೂ ಅಂಟಿದೆ: ಒಂದು ಪುಟಕ್ಕೆ ಒಂದೇ ಪ್ರಶ್ನೆ. ಮೊದಲ ಸಲ ಅರ್ಜಿ ತುಂಬುವವರಿಗೆ ಇದು ಹೇಳಿ ಮಾಡಿಸಿದ್ದು. ತಾನಾಗಿ ತುಂಬಲಾಗದವರಿಗೆ ನೆರವು ಕೊಡುವ ವ್ಯವಸ್ಥೆಯೂ ಅಲ್ಲಿದೆ, ‘ಅಸಿಸ್ಟೆಡ್ ಡಿಜಿಟಲ್’ ಎನ್ನುತ್ತಾರೆ. ಆದರೆ ಅಲ್ಲಿ ಅದು ಪಕ್ಕದ ದಾರಿ. ಇಲ್ಲಿ ಅದೇ ಹೆದ್ದಾರಿ.

ಹಾಗಾಗಿ ಆ ಒಳ್ಳೆಯ ಪದ್ಧತಿ ಇಲ್ಲಿ ತಿರುಗಿ ಒದೆಯುತ್ತದೆ. ಸೇವಾ ಕೇಂದ್ರದ ಹುಡುಗನಿಗೆ ಅರ್ಜಿಯ ಎಲ್ಲ ಪ್ರಶ್ನೆಗಳೂ ಬಾಯಿಪಾಠ. ಅವನು ಮೌಸ್ ಮುಟ್ಟುವುದೇ ಇಲ್ಲ. ಟ್ಯಾಬ್ ಕೀಲಿ ಒತ್ತುತ್ತಾ ಇಪ್ಪತ್ತು ಖಾನೆಗಳನ್ನು ಒಂದೇ ಉಸಿರಿಗೆ ದಾಟುತ್ತಾನೆ. ಅವನಿಗೆ ಒಂದೊಂದೇ ಪ್ರಶ್ನೆಯ ಇಪ್ಪತ್ತು ಪುಟ ಕೊಟ್ಟರೆ, ಅದೂ ನಮ್ಮ ಕಡೆಯ ನೆಟ್‌ವರ್ಕಿನಲ್ಲಿ, ಶಾಪ ಹಾಕುತ್ತಾನೆ. ಹಾಕಿದ್ದಾನೆ, ನನ್ನೆದುರೇ. ಗ್ರಾಮ ಒನ್ ಥರದ ಕೇಂದ್ರಗಳನ್ನು ನಡೆಸುವವರು ಸರ್ಕಾರಿ ನೌಕರರಲ್ಲ ಎಂಬುದನ್ನೂ ನೆನಪಿಡಬೇಕು. ಸೇವೆಗೆ ಇಷ್ಟು ಅಂತ ಅವರ ಸಂಪಾದನೆ. ಬೆರಳು ಹಿಡಿಯದ ಅಜ್ಜಿಯ ಮೇಲೆ ಕಳೆದ ಅರ್ಧ ಗಂಟೆಗೆ ಅವನಿಗೆ ಸಿಗುವುದು ಸೊನ್ನೆ. ಅಷ್ಟಾದರೂ ಅವನು ಅಜ್ಜಿಯನ್ನು ‘ನಾಳೆ ಬನ್ನಿ’ ಎಂದು ಕಳಿಸಲಿಲ್ಲವಲ್ಲ, ಅದು ಯಾವ ವಿನ್ಯಾಸದ ಗುಣವೂ ಅಲ್ಲ, ಅವನ ಗುಣ.

ಟೈಪ್ ಮಾಡುವವರಿಗೆ ವೇಗ ಬೇಕು, ನಿಂತವರಿಗೆ ಕಾಣಬೇಕು. ಈ ಎರಡನ್ನೂ ಒಂದೇ ಪರದೆಯಿಂದ ತೂಗಿಸಲಾಗದು ಎಂಬುದನ್ನು ಕರ್ನಾಟಕ ಕಾಲು ಶತಮಾನದ ಹಿಂದೆಯೇ ಕಂಡುಕೊಂಡಿತ್ತು. ಭೂಮಿ ಯೋಜನೆಯಲ್ಲಿ.

2000ದ ಆಸುಪಾಸಿನಲ್ಲಿ ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ, ಕೇಂದ್ರ ಸರ್ಕಾರದ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಬರೆದ ತಂತ್ರಾಂಶದೊಂದಿಗೆ ಶುರುವಾದ ಯೋಜನೆ ಅದು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹತ್ತಿದವು. ಅಲ್ಲಿಯವರೆಗೆ ಪಹಣಿ ಪುಸ್ತಕಗಳೆಲ್ಲ ಇದ್ದದ್ದು ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಯಲ್ಲಿ. ಲೆಕ್ಕಿಗರು ಸಿಕ್ಕಾಗ, ಅವರಿಗೆ ಮನಸ್ಸು ಬಂದಾಗ ಪಹಣಿ. ಆಮೇಲೆ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಕೈಗೆ ಬರತೊಡಗಿತು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಅದರೊಳಗಿನ ಒಂದು ಸಣ್ಣ ಸಂಗತಿಗೆ ಮಾತ್ರ ಸಲ್ಲಬೇಕಾದ ಹೆಸರು ಸಂದಿಲ್ಲ. ಆ ಕಿಟಕಿಯಲ್ಲಿ ಎರಡು ಪರದೆಗಳಿದ್ದವು. ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳಗೆ ಏನು ನಡೆಯುತ್ತಿದೆ ಎಂಬುದು ಹೊರಗೆ ನಿಂತವನಿಗೂ ಕಾಣಲಿ ಎಂದು.

ಓದಲು ಬಾರದ ರೈತನಿಗೆ ಅದರಿಂದೇನು ಎಂದು ಕೇಳಬಹುದು. ಸಾಲಿನಲ್ಲಿ ಹಿಂದೆ ನಿಂತವನಿಗೆ ಓದು ಬರುತ್ತಿತ್ತಲ್ಲ! ನಮ್ಮಲ್ಲಿ ಯಾರೂ ಒಬ್ಬರೇ ತಾಲೂಕು ಕಚೇರಿಗೆ ಹೋಗುವುದಿಲ್ಲ. ಹೋದರೂ ಅಲ್ಲಿ ಹೋಗಿ ಒಬ್ಬರೇ ಆಗಿ ಉಳಿಯುವುದಿಲ್ಲ. ಜೊತೆಗೆ ಇನ್ನೂ ಎರಡು ಏರ್ಪಾಡುಗಳಿದ್ದವು. ನೌಕರ ಒಳಹೊಕ್ಕಬೇಕಾದರೆ ತನ್ನ ಬೆರಳಚ್ಚು ಕೊಡಬೇಕಿತ್ತು, ಅಂದರೆ ಯಾರು ಏನು ತಿದ್ದಿದರು ಎಂಬುದಕ್ಕೆ ಗುರುತು ಉಳಿಯುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕಿತ್ತು. ಹಿಂದಿನ ಕಡತವನ್ನು ಮುಂದೆ ತರಲು ತಂತ್ರಾಂಶ ಬಿಡುತ್ತಿರಲಿಲ್ಲ. ಆಗ ಬೆರಳು ಇಡಬೇಕಾದವನು ಕಿಟಕಿಯ ಒಳಗಿನವನು. ಈಗ ಹೊರಗಿನವಳು. ಈ ಅದಲುಬದಲು ಯಾವಾಗ ಆಯಿತೋ, ಯಾರೂ ಅದಕ್ಕೊಂದು ಸಭೆ ಕರೆದ ನೆನಪು ನನಗಿಲ್ಲ.

ಭೂಮಿಯನ್ನು ನಾನು ದೇವರ ಪಟ ಮಾಡಿ ಇಟ್ಟುಕೊಂಡಿಲ್ಲ. ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತಮುತ್ತ ಲಾಭವಾದದ್ದು ಸಣ್ಣ ರೈತನಿಗಲ್ಲ, ಜಮೀನು ಹುಡುಕುತ್ತಿದ್ದ ದೊಡ್ಡವರಿಗೆ ಎಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ವಾದಿಸಿದ್ದರು. ಆ ವಾದವನ್ನು ತಳ್ಳಿಹಾಕಲಾಗದು. ಆದರೂ ಎರಡನೇ ಪರದೆ ಎರಡನೇ ಪರದೆಯೇ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ನನ್ನ ಕಸುಬಿನಲ್ಲಿ ಅತಿ ಹೆಚ್ಚು ರಾತ್ರಿ ನಿದ್ದೆ ಕೆಡಿಸಿದ ಖಾನೆ ಇದು.

ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನವನ್ನು 1235ರಲ್ಲಿ, ಹೊಯ್ಸಳರ ಕಾಲದಲ್ಲಿ ಕಟ್ಟಿಸಿದವರು ಮೂವರು ಅಣ್ಣತಮ್ಮಂದಿರು: ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ. (ಕಟ್ಟಿದವರಲ್ಲ, ಕಟ್ಟಿಸಿದವರು. ಇಲ್ಲೂ ಅದೇ ಪ್ರತ್ಯಯ.) ಇವರು ಇವತ್ತು ಬಂದು ಯಾವುದಾದರೂ ಸರ್ಕಾರಿ ಅರ್ಜಿ ತುಂಬಿದರು ಎನ್ನಿ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ಎರಡರ ಮುಂದೂ ಕೆಂಪು ನಕ್ಷತ್ರ. ಪೆದ್ದಣ್ಣ ಹೇಗೋ ಪಾರಾಗುತ್ತಾರೆ, ಹೆಗ್ಗಡೆ ಎಂಬುದು ಅಧಿಕಾರದ ಪದವಾದರೂ ಖಾನೆ ತುಂಬುತ್ತದೆ. ಸೋವಣ್ಣ, ಕೇಶಣ್ಣ ಇಬ್ಬರ ಅರ್ಜಿಯೂ ಮುಂದೆ ಹೋಗುವುದಿಲ್ಲ. ಆಪರೇಟರ್ ಹುಡುಗ ಅಲ್ಲೊಂದು ಚುಕ್ಕಿ ಇಡುತ್ತಾನೆ, ಇಲ್ಲವೇ ಹೆಸರನ್ನೇ ಎರಡು ಸಲ ಹೊಡೆಯುತ್ತಾನೆ. ಸೋವಣ್ಣ ಸೋವಣ್ಣ. ಇನ್ನೊಂದು ಇಲಾಖೆಯ ಕಂಪ್ಯೂಟರಿಗೆ ಇವರು ಬೇರೆ ಮನುಷ್ಯ.

ನಮ್ಮ ಕಂದಾಯ ದಾಖಲೆಗೆ ತನ್ನದೇ ವ್ಯಾಕರಣವಿದೆ. ಪಹಣಿಯ 9ನೇ ಕಾಲಂ ನೋಡಿ: ‘ರಂಗಪ್ಪ ಬಿನ್ ತಿಮ್ಮಯ್ಯ’, ‘ಲಕ್ಷ್ಮಮ್ಮ ಕೋಂ ರಂಗಪ್ಪ’. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಎಲ್ಲಿಂದಲೋ ಬಂದು ತಾಲೂಕು ಕಚೇರಿಯ ಕನ್ನಡವೇ ಆಗಿಹೋದ ಪದಗಳು. ಅದೇ ಲಕ್ಷ್ಮಮ್ಮ ರೇಷನ್ ಕಾರ್ಡಿನಲ್ಲಿ ಬರಿಯ ಲಕ್ಷ್ಮಮ್ಮ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ ಸಮೇತ, ಆಧಾರಿನಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಹಾಕಿದ ಲಕ್ಷ್ಮಮ್ಮ. ಇಂಗ್ಲಿಷಿಗೆ ಹೋದ ತಿಮ್ಮಯ್ಯ ಒಂದು ಎಚ್ ಕಳೆದುಕೊಂಡೋ ಗಳಿಸಿಕೊಂಡೋ ಬರುತ್ತಾರೆ. ಇಂಗ್ಲಿಷಿನಿಂದ ಕಂಪ್ಯೂಟರ್ ತಾನೇ ಕನ್ನಡಕ್ಕೆ ಮರಳಿಸಿದರೆ ಹಾರನಹಳ್ಳಿ ಹರನಹಳ್ಳಿಯಾಗಬಹುದು, ಹರಣಹಳ್ಳಿಯೂ ಆಗಬಹುದು. ಸಾಲದ್ದಕ್ಕೆ ಶಿವಮೊಗ್ಗ ತಾಲೂಕಿನಲ್ಲೂ ಒಂದು ಹಾರನಹಳ್ಳಿ ಇದೆ. ಹಳೆಯ ಫಾಂಟಿನಲ್ಲಿ ಕೂತಿದ್ದ ಹೆಸರುಗಳು ಯುನಿಕೋಡಿಗೆ ಬರುವಾಗ ಒತ್ತಕ್ಷರ, ಅರ್ಕಾವತ್ತು ಉದುರಿಸಿಕೊಂಡು ಬಂದ ಕಥೆ ಬೇರೆ. ಪಹಣಿಗೆ ಆಧಾರ್ ಜೋಡಿಸುವ ಕೆಲಸ 2024ರಲ್ಲಿ ರಾಜ್ಯದಾದ್ಯಂತ ನಡೆದಾಗ ಈ ಗೋಜಲೆಲ್ಲ ಒಟ್ಟಿಗೆ ಎದುರಾಯಿತು.

ಬ್ರಿಟನ್ನಿನ ವಿನ್ಯಾಸಕರು ಇದಕ್ಕೆ ಕೊಡುವ ಸಲಹೆ ಸರಳ: ಸಾಧ್ಯವಿದ್ದಲ್ಲಿ ಪೂರ್ತಿ ಹೆಸರಿಗೆ ಒಂದೇ ಖಾನೆ ಇಡಿ. ಅದನ್ನು ನಾನೂ ಹೇಳುತ್ತಾ ಬಂದಿದ್ದೇನೆ. ಆದರೆ ಇಲ್ಲಿನ ಅರ್ಧ ತೊಂದರೆ ಖಾನೆಯದಲ್ಲ. ‘ಹೆಸರು ತಾಳೆಯಾಗುತ್ತಿಲ್ಲ’ ಎಂದು ಯಂತ್ರ ಹೇಳುತ್ತದೆ, ಅಷ್ಟೆ. ಯಾವ ದಾಖಲೆಯ ಹೆಸರು, ಯಾವ ದಾಖಲೆಯೊಂದಿಗೆ, ಯಾವ ಅಕ್ಷರದಲ್ಲಿ? ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಎದುರು ನಿಂತವರೇ ‘ಅಯ್ಯೋ, ಇದು ನಾನೇ’ ಅನ್ನುತ್ತಾರೆ. ಗ್ರಾಮ ಆಡಳಿತಾಧಿಕಾರಿಯೂ ಒಪ್ಪಿ ಸಹಿ ಹಾಕಬಹುದು. ಯಂತ್ರಕ್ಕೆ ಸಂಶಯ ಬರುವುದು ತಪ್ಪಲ್ಲ, ಸಂಶಯವನ್ನು ಬಾಯಿಬಿಟ್ಟು ಹೇಳದಿರುವುದು ತಪ್ಪು.

ಕನ್ನಡವೇ ಇದ್ದರೂ ಕನ್ನಡ ಇರುವುದಿಲ್ಲ ಎಂಬ ಮಾತು ಇಲ್ಲೇ ಬರಬೇಕು. ‘ಅಮಾನ್ಯ ನಮೂದು.’ ‘ಸದರಿ ವಿವರ ಲಭ್ಯವಿರುವುದಿಲ್ಲ.’ ಇದನ್ನು ಓದಿ ಹೇಳು ಎಂದರೆ ಹುಡುಗ ಓದುವುದೇ ಇಲ್ಲ. ‘ಆಗ್ತಾ ಇಲ್ಲ ಕಣಮ್ಮ’ ಎನ್ನುತ್ತಾನೆ. ತಪ್ಪು ಅಂಕಿ ಹೊಡೆದದ್ದು, ಸರ್ವರ್ ಹೋದದ್ದು, ಯೋಜನೆಗೆ ಅರ್ಹತೆಯೇ ಇಲ್ಲದ್ದು, ಮೂರೂ ಅವನ ಬಾಯಲ್ಲಿ ‘ಆಗ್ತಾ ಇಲ್ಲ’ ಎಂದೇ ಹೊರಬೀಳುತ್ತವೆ. ಮೊದಲನೆಯದಕ್ಕೆ ಒಂದು ನಿಮಿಷ ಸಾಕು, ಎರಡನೆಯದಕ್ಕೆ ಸಂಜೆ ಬರಬೇಕು, ಮೂರನೆಯದಕ್ಕೆ ಬರುವುದೇ ಬೇಡ. ಈ ವ್ಯತ್ಯಾಸ ತಿಳಿಯದೆ ಜನ ಮೂರಕ್ಕೂ ನಾಲ್ಕು ದಿನ ಅಲೆಯುತ್ತಾರೆ, ಕೂಲಿ ಬಿಟ್ಟು.

ಪರದೆಯಿಂದ ಸರಿಮಾಡಲಾಗದ್ದೂ ಇದೆ. ಅರಸೀಕೆರೆ ಕೊಬ್ಬರಿಯ ಊರು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿತ್ತು. ಖರೀದಿಗೆ ಮಿತಿ ಇತ್ತು, ಮೊದಲು ಬಂದವರಿಗೆ ಮೊದಲು. ಆಗಬೇಕಾದದ್ದೇ ಆಯಿತು. ನೋಂದಣಿ ಕೇಂದ್ರಗಳ ಮುಂದೆ ರೈತರು ರಾತ್ರಿಯಿಂದಲೇ ಸಾಲು ನಿಂತರು, ಕೆಲವೇ ದಿನಗಳಲ್ಲಿ ಮಿತಿ ಭರ್ತಿ. ಅಕ್ರಮದ ದೂರುಗಳು ಬಂದು ಆ ನೋಂದಣಿಯೇ ರದ್ದಾಯಿತು. ಮಾರ್ಚಿನಲ್ಲಿ ಬಯೋಮೆಟ್ರಿಕ್ ಸಮೇತ ಮತ್ತೆ ಶುರು. ಕಾಯಿ ಸುಲಿದ ಬೆರಳುಗಳಿಗೆ ಬಯೋಮೆಟ್ರಿಕ್!

ಭೂಮಿಯಲ್ಲಿ ನ್ಯಾಯ ತಂದದ್ದೂ ಇದೇ ‘ಬಂದ ಸರದಿ’ ನಿಯಮವೇ. ಅಲ್ಲಿ ಸಾಲಿಗೆ ಕೊನೆ ಇರಲಿಲ್ಲ. ತಡವಾದರೂ ನಿಮ್ಮ ಸರದಿ ಬರುತ್ತಿತ್ತು. ಇಲ್ಲಿ ಸಾಲು ನಡುವೆಯೇ ತುಂಡಾಗುತ್ತದೆ. ತುಂಡಾಗುವ ಸಾಲಿನಲ್ಲಿ ಗೆಲ್ಲುವವನು ಟ್ಯಾಬ್ ಕೀಲಿ ವೇಗವಾಗಿ ಒತ್ತುವವನ ಗಿರಾಕಿ. ನಾನು ಎಷ್ಟು ಚಂದದ ಪರದೆ ಮಾಡಿಕೊಟ್ಟರೂ ಅದು ಓಟದ ಪಂದ್ಯವೇ. ಒಂದು ತಿಂಗಳು ಎಲ್ಲರ ಹೆಸರನ್ನೂ ಬರೆದುಕೊಂಡು, ಆಮೇಲೆ ಮಿತಿಯನ್ನು ಹಂಚಬಹುದು. ಎಕರೆ ಲೆಕ್ಕದಲ್ಲೋ ಚೀಟಿ ಎತ್ತಿಯೋ. ಹಾಗೆ ಹೇಳಲು ಡಿಸೈನರಿಗೆ ಯಾವ ಅಧಿಕಾರ ಎಂದು ಕೇಳುತ್ತಾರೆ. ಹುದ್ದೆಯ ಹೆಸರಿನಲ್ಲಿರುವ ‘ಸೀನಿಯರ್’ ಎಂಬ ಪದ ಇರುವುದು ಅದಕ್ಕೇ ಎಂದು ನಾನು ತಿಳಿದಿದ್ದೇನೆ. ಕಿರಿಯರಾಗಿದ್ದಾಗ ಬಟನ್ ಎಲ್ಲಿರಬೇಕೆಂದು ಜಗಳವಾಡುತ್ತಿದ್ದೆವು. ಈಗ ಆ ಪ್ರಶ್ನೆ ಯಾಕಿರಬೇಕೆಂದು ಜಗಳ. ಆದಾಯ ಪ್ರಮಾಣಪತ್ರ ಕೊಟ್ಟದ್ದು ಕಂದಾಯ ಇಲಾಖೆ, ಅದರ ಆರ್‌ಡಿ ನಂಬರನ್ನು ಅರ್ಜಿದಾರರು ಬರೆದಿದ್ದಾರೆ; ಆಮೇಲೂ ಅದರ ಜೆರಾಕ್ಸ್ ಯಾಕೆ? ಒಂದು ಸುತ್ತೋಲೆಯ ಒಂದು ಸಾಲು ತಿದ್ದಿಸಲು ಏಳು ತಿಂಗಳು ಹಿಡಿದದ್ದುಂಟು. ಪರದೆ ಮಾಡಲು ಹಿಡಿದದ್ದು ಒಂದು ಮಧ್ಯಾಹ್ನ.

ನಮ್ಮ ರಾಜ್ಯ ರೂಪಿಸಿದ ಅತ್ಯುತ್ತಮ ‘ಇಂಟರ್‌ಆಕ್ಷನ್’ ಯಾವುದು ಎಂದು ಹೊಸಬರು ಕೇಳಿದರೆ ನಾನು ಯಾವ ಆ್ಯಪನ್ನೂ ತೋರಿಸುವುದಿಲ್ಲ. ಸಕಾಲದ ಸ್ವೀಕೃತಿ ಚೀಟಿ ತೋರಿಸುತ್ತೇನೆ. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ರಾಜ್ಯವಿಡೀ ಜಾರಿ. ಅರ್ಜಿ ಕೊಟ್ಟರೆ 15 ಅಂಕಿಯ ಒಂದು ಸಂಖ್ಯೆ, ಕೆಲಸ ಆಗಬೇಕಾದ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕು. ದುಡ್ಡಿನ ಮಾತು ಬಿಡಿ, ಎಷ್ಟು ಜನ ಕೇಳಿಯಾರು. ಅದರಲ್ಲಿರುವ ತಾರೀಕು ದೊಡ್ಡದು. ‘ನಾಳೆ ಬಾ’ ಎಂಬ ಮಾತಿಗೆ ಎದುರಾಗಿ ಒಂದು ತಾರೀಕು. ಅದು ಕಾಗದದಲ್ಲಿದೆ, ಸೆರಗಿನಲ್ಲಿ ಗಂಟು ಹಾಕಿಕೊಳ್ಳಬಹುದು, ಬಸ್ಸಿನಲ್ಲಿ ಪಕ್ಕದವರಿಂದ ಓದಿಸಬಹುದು. ಓದಲು ಬಾರದವರಿಗೇ ಕಾಗದ ಹೆಚ್ಚು ಬೇಕು. ಫೋನಿಗೆ ಬಂದ ಸಂದೇಶ ಮಗನ ಜೊತೆ ಪೀಣ್ಯದಲ್ಲಿರುತ್ತದೆ. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿಗೂ ಶುರುವಿನಲ್ಲಿ ಫೋನಿಗೇ ದಿನ, ಸಮಯ, ಜಾಗ ತಿಳಿಸುವ ಸಂದೇಶ ಕಳಿಸುವ ಏರ್ಪಾಡಿತ್ತು. ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಬೇಕಾಯಿತು.

ಹಾರನಹಳ್ಳಿಯ ಆ ಕೇಂದ್ರದಲ್ಲಿ ಅವತ್ತು ಸರ್ವರ್ ಬರಲೇ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಈ ಊರೇ ತಾಲೂಕು ಕೇಂದ್ರವಾಗಿತ್ತು. ಈಗ ಆ ಕಚೇರಿ ಎಂಟು ಕಿಲೋಮೀಟರ್ ಆಚೆ ಅರಸೀಕೆರೆಯಲ್ಲಿದೆ. ‘ಅಲ್ಲಿಗೇ ಹೋಗ್ಬೇಕಾ ಮಗ?’ ಎಂದು ಅಜ್ಜಿ ಕೇಳಿದರು. ಮಾನಿಟರನ್ನು ಸ್ವಲ್ಪ ಅಜ್ಜಿಯ ಕಡೆ ತಿರುಗಿಸಬಹುದಾ ಎಂದು ನಾನು ಹುಡುಗನನ್ನು ಕೇಳಿದೆ. ಪ್ರಯತ್ನಪಟ್ಟ. ‘ವೈರು ಸಾಲಲ್ಲ ಸಾರ್’ ಎಂದ. ಆಮೇಲೆ ಹಳೆಯ ಬಿಲ್ಲಿನ ಹಿಂಬದಿಯಲ್ಲಿ, ನೀಲಿ ಪೆನ್ನಿನಲ್ಲಿ ಮೂರು ಸಾಲು ಬರೆದು ಅಜ್ಜಿಯ ಕೈಗಿಟ್ಟ. ಅರ್ಜಿ ಅರ್ಧ ಆಗಿದೆ, ಮತ್ತೆ ಮೊದಲಿಂದ ಬೇಡ. ಸೋಮವಾರ ಮಧ್ಯಾಹ್ನ ಬನ್ನಿ, ಮಗನಿಗೆ ಫೋನ್ ಹತ್ರ ಇರೋಕೆ ಹೇಳಿ. ಅರಸೀಕೆರೆಗೆ ಹೋಗೋದು ಬೇಡ.

ನಾನು ಅದರ ಫೋಟೋ ತೆಗೆದುಕೊಂಡೆ. ಆಮೇಲೆ ನಾನಿದ್ದ ತಂಡದ ಒಂದು ಸೇವೆಯಲ್ಲಿ ಅರ್ಜಿ ಅರ್ಧಕ್ಕೆ ನಿಂತಾಗ ಅಚ್ಚಾಗುವ ಚೀಟಿಗೆ ಆ ಮೂರೂ ಸಾಲುಗಳನ್ನು ಸೇರಿಸಿ ಕಳಿಸಿದೆವು. ಎರಡು ಸಾಲು ಒಪ್ಪಿಗೆಯಾದವು. ಎಲ್ಲಿಗೆ ಹೋಗಬೇಕಾಗಿಲ್ಲ ಎಂದು ತಿಳಿಸುವ ಅವಕಾಶ ನಮೂನೆಯಲ್ಲಿ ಇಲ್ಲವೆಂಬ ಟಿಪ್ಪಣಿಯೊಂದಿಗೆ ಮೂರನೆಯದು ವಾಪಸು ಬಂತು. ಹುಡುಗ ಅದನ್ನು ಈಗಲೂ ಪೆನ್ನಿನಲ್ಲೇ ಬರೆದುಕೊಡುತ್ತಾನೆ.